ಮಜಲ್‌ಲೋಡರ್ ಬೇಟೆಗೆ ಯಾವ ಮದ್ದು ಒಳ್ಳೆಯದು? ಪೈರೋಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ ಬಳಸಿದವರು ಹೇಳಿ

ಪಿಟ್ಸ್‌ಬರ್ಗ್ ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದಲ್ಲಿ ಅಕ್ಟೋಬರ್ ತಿಂಗಳಲ್ಲಿ ಬರುವ ಮಜಲ್‌ಲೋಡರ್, ಅಂದರೆ ನಳಿಗೆಯ ಬಾಯಿಯಿಂದ ಮದ್ದು ಗುಂಡು ತುಂಬುವ ಕೋವಿಯ ಸೀಸನ್‌ಗೆ ಈ ಸಲ ಹೋಗುತ್ತಿದ್ದೇನೆ. ಹೆಣ್ಣು ಜಿಂಕೆಯ ಲೈಸೆನ್ಸ್ ಕೈಗೆ ಬಂದಿದೆ. ಕೋವಿ .50 ಕ್ಯಾಲಿಬರ್ ಇನ್‌ಲೈನ್, ಅಂದರೆ ಬೆಂಕಿ ಹತ್ತಿಸುವ ಪ್ರೈಮರ್ ಮದ್ದಿನ ನೇರ ಹಿಂದೆ ಕೂರುವಂಥದ್ದು. ಶಾಟ್‌ಗನ್‌ಗೆ ಹಾಕುವ 209 ಪ್ರೈಮರ್ರೇ ಇದಕ್ಕೂ. ಪಕ್ಕದ ಮನೆಯ ಅಜ್ಜ ತಮಗೆ ವಯಸ್ಸಾಯಿತು ಅಂತ ಕಡಿಮೆ ಬೆಲೆಗೆ ಕೊಟ್ಟರು.

ತಲೆನೋವು ಮದ್ದಿನದು. ಊರಿನ ಅಂಗಡಿಗಳಲ್ಲಿ ಅಸಲಿ ಕರಿಮದ್ದು ಎಲ್ಲೂ ಇಲ್ಲ. ಬದಲಿ ಮದ್ದುಗಳು ನಾಲ್ಕೈದು ಬಗೆ ಇವೆ. ಒಬ್ಬ ಅಂಗಡಿಯವನು ಪೆಲೆಟ್ (ಅಚ್ಚೊತ್ತಿದ ಮದ್ದಿನ ಬಿಲ್ಲೆ) ತಗೊಳ್ಳಿ, ಸುಲಭ ಅಂತಾನೆ. ಆಫೀಸಿನ ಗೆಳೆಯ ಬ್ಲ್ಯಾಕ್‌ಹಾರ್ನ್ 209 ಬಿಟ್ಟು ಬೇರೆ ಏನನ್ನೂ ಮುಟ್ಟಬೇಡ ಅಂತಾನೆ. ಅಜ್ಜ ಪೈರೋಡೆಕ್ಸ್ ಸಾಕು ಅಂತಾರೆ. ನಾನು ಹೊಡೆಯೋದು 80 ಯಾರ್ಡ್ ಒಳಗೆ, ದಟ್ಟ ಕಾಡು. ಯಾವುದು ತಗೊಳ್ಳಲಿ?

ಓಹಾಯೊ ತೋಟಗಾರ
ಬ್ಲ್ಯಾಕ್‌ಹಾರ್ನ್. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ಹಳೇ ಮದ್ದು
ಕಣ್ಣು ಮುಚ್ಚಿಕೊಂಡು ಮದ್ದು ತಗೊಳ್ಳಬಾರದು ತೋಟಗಾರರೇ. ಮೊದಲು ಕೋವಿಗೆ ಬೆಂಕಿ ಹೇಗೆ ಹತ್ತುತ್ತದೆ ಅಂತ ನೋಡಬೇಕು, ಆಮೇಲೆ ರಾಜ್ಯದ ನಿಯಮ, ಆಮೇಲೆ ದುಡ್ಡು. ವೇಗ ಎಲ್ಲಕ್ಕಿಂತ ಕೊನೆಗೆ.

ಕಲ್ಲಿನ ಕೋವಿ, ಅಂದರೆ ಫ್ಲಿಂಟ್‌ಲಾಕ್ ಆದರೆ ಬದಲಿ ಮದ್ದಿನ ಮಾತೇ ಬೇಡ. ಆ ಕಿಡಿಗೆ ಅವು ಹತ್ತೋದಿಲ್ಲ, ಅವಕ್ಕೆ ಜಾಸ್ತಿ ಶಾಖ ಬೇಕು. ಕಿಡಿ ಬೀಳುವ ಬಟ್ಟಲಿಗೆ ರಂಜಕವಾಗಿ, ಅಂದರೆ ಮೊದಲು ಹತ್ತುವ ಮದ್ದಾಗಿ, ಅಸಲಿ ಕರಿಮದ್ದೇ ಬೇಕು, ನುಣುಪಾದ ನಾಲ್ಕು ಎಫ್ ಕಾಳು (ಎಫ್ ಹೆಚ್ಚಾದಷ್ಟೂ ಕಾಳು ಸಣ್ಣ). ಕುದುರೆ, ಅಂದರೆ ಕೇಪಿಗೆ ಹೊಡೆಯುವ ಸುತ್ತಿಗೆ, ಪಕ್ಕದಲ್ಲಿರುವ ಕೇಪಿನ ಕೋವಿಗೆ 11 ನಂಬರ್ ಕೇಪು ಹಾಕಿದರೆ ಪೈರೋಡೆಕ್ಸ್ ಆರ್‌ಎಸ್ ಸಾಮಾನ್ಯವಾಗಿ ಹತ್ತುತ್ತದೆ. ಆದರೆ ಬ್ಲ್ಯಾಕ್‌ಹಾರ್ನ್ ಹತ್ತೋದಿಲ್ಲ. ಅದರ ಹೆಸರಲ್ಲೇ 209 ಇದೆ ನೋಡಿ, ಆ ಪ್ರೈಮರ್ ಇದ್ದರೆ ಮಾತ್ರ.

ನಿಮ್ಮದು ಇನ್‌ಲೈನ್, 209. ಹಾಗಾಗಿ ಮೂರೂ ನಡೆಯುತ್ತವೆ. ಈಗ ಜಗಳ ಶುರು ಮಾಡಬಹುದು.

ಮಿಶಿಗನ್ ಅಕ್ಕ
ನಾನು ಟ್ರಿಪಲ್ ಸೆವೆನ್ ಪಕ್ಷ. ಕಾರಣ ಒಂದೇ, ತೊಳೆಯೋದು. ಅದರಲ್ಲಿ ಗಂಧಕ ಇಲ್ಲ, ಕೊಳೆತ ಮೊಟ್ಟೆ ವಾಸನೆ ಬರೋದಿಲ್ಲ. ಬಿಸಿನೀರು, ನಾಲ್ಕು ಬಟ್ಟೆ ತುಂಡು, ಮುಗೀತು. ಕಾಡಿಂದ ಬಂದು ಜಿಂಕೆ ಸುಲಿದು, ಮಾಂಸ ಫ್ರಿಜ್ಜಿಗೆ ಹಾಕಿ, ಆಮೇಲೆ ಕೋವಿ ತೊಳೆಯೋ ಹೊತ್ತಿಗೆ ಯಾರಿಗೂ ಮೈಯಲ್ಲಿ ಕಸುವು ಇರೋದಿಲ್ಲ. ಸುಲಭವಾಗಿ ತೊಳೆಯೋಕೆ ಆಗದ ಮದ್ದು ಕೋವಿಯನ್ನು ತಿಂದು ಹಾಕುತ್ತದೆ.

ಒಂದು ಮಾತು ನೆನಪಿರಲಿ. ಅದೇ ಅಳತೆಗೆ ಟ್ರಿಪಲ್ ಸೆವೆನ್ ಕರಿಮದ್ದಿಗಿಂತ ಸುಮಾರು 15% ಜೋರು. ಹಳೇ ಪುಸ್ತಕದಲ್ಲಿ ಕರಿಮದ್ದು 100 ಗ್ರೇನ್ (ಮದ್ದಿನ ಅಳತೆ) ಅಂತ ಇದ್ದರೆ ನೀವು 85 ಹಾಕಿ.

ಓಹಾಯೊ ತೋಟಗಾರ
ಅಕ್ಕಾ, ಟ್ರಿಪಲ್ ಸೆವೆನ್‌ನ ಉಂಗುರದ ಬಗ್ಗೆ ಹೇಳಲೇ ಇಲ್ಲವಲ್ಲ? ಒಂದು ಗುಂಡು ಹಾರಿಸಿದ ಮೇಲೆ ಮದ್ದು ಕೂರುವ ಜಾಗಕ್ಕೆ ಸ್ವಲ್ಪ ಮುಂದೆ ನಳಿಗೆಯೊಳಗೆ ಗಟ್ಟಿ ಕಿಟ್ಟ ಕಟ್ಟುತ್ತದೆ. ಎರಡನೇ ಗುಂಡು ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಗಜದ ಕೋಲಿಗೆ ಮೈಭಾರ ಎಲ್ಲ ಹಾಕಿ ಒತ್ತಬೇಕು. ಬ್ಲ್ಯಾಕ್‌ಹಾರ್ನ್‌ನಲ್ಲಿ ಆ ಕಾಟ ಇಲ್ಲ. ನಡುವೆ ಒರೆಸದೆ ಒಂದರ ಹಿಂದೆ ಒಂದು ಹೊಡೀಬಹುದು.

ಮಿಶಿಗನ್ ಅಕ್ಕ
ಉಂಗುರ ಕಟ್ಟೋದು ನಿಜ. ಉಗುಳು ಹಚ್ಚಿದ ಒಂದು ಬಟ್ಟೆ ತುಂಡು ಒಳಗೆ ಆಡಿಸಿ, ಒಣ ತುಂಡು ಇನ್ನೊಂದು ಸಲ ಆಡಿಸಿದರೆ ಹೋಗುತ್ತದೆ. ಜತೆಗೆ ಅದಕ್ಕೆಂದೇ ಮಾಡಿದ ಮೆತ್ತಗಿನ 209 ಪ್ರೈಮರ್ ಸಿಗುತ್ತದೆ, ಅದರಿಂದ ಕಿಟ್ಟ ಕಡಿಮೆ. ಬೇಟೆಯಲ್ಲಿ ಎಷ್ಟು ಗುಂಡು ಹಾರಿಸ್ತೀರಿ ಹೇಳಿ? ಮೊದಲನೆಯದು ಸರಿಯಾಗಿ ಬಿದ್ದರೆ ಎರಡನೆಯದು ಬೇಕಾಗೋದೇ ಇಲ್ಲ.

ರಾಕಿ ಬೆಟ್ಟ
ಆ ಮೆತ್ತಗಿನ ಪ್ರೈಮರನ್ನು ಬ್ಲ್ಯಾಕ್‌ಹಾರ್ನ್‌ಗೆ ಮಾತ್ರ ಹಾಕಬೇಡಿ. ಅದಕ್ಕೆ ಪೂರಾ ಜೋರಿನ ಶಾಟ್‌ಗನ್ 209 ಬೇಕು. ಸಿಸಿಐ 209ಎಂ ಅಥವಾ ಫೆಡರಲ್ 209ಎ. ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಪ್ಲಗ್ಗಿನ ಕಿಂಡಿಯೂ ಚೊಕ್ಕಟ ಇರಬೇಕು. ಅಲ್ಲಿ ಮಸಿ ತುಂಬಿದ್ದರೆ ಟಿಕ್ ಅನ್ನುತ್ತದೆ, ಅರೆಗಳಿಗೆ ಬಿಟ್ಟು ಢಂ ಅನ್ನುತ್ತದೆ. ಆ ಅರೆಗಳಿಗೆಯಲ್ಲಿ ಜಿಂಕೆಯೂ ಹೋಯಿತು, ಗುರಿಯೂ ಹೋಯಿತು.

ಬೆಂಗ್ಳೂರ್ ಬಾಯ್
ಒಂದು ಸಂದೇಹ. ನಮ್ಮ ಮಾವ ಸ್ಪ್ರಿಂಗ್‌ಫೀಲ್ಡಲ್ಲಿ ಕಾಟ್ರಿಜ್ ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಅವರ ಹತ್ತಿರ ಸ್ಮೋಕ್‌ಲೆಸ್ ಪೌಡರ್ ಡಬ್ಬಗಟ್ಟಲೆ ಇದೆ. ಅದನ್ನೇ ಸ್ವಲ್ಪ ಕಡಿಮೆ ಹಾಕಿದರೆ ಆಗೋದಿಲ್ವಾ?

ಹಳೇ ಮದ್ದು
ಆಗೋದಿಲ್ಲ. ಯಾವತ್ತೂ ಆಗೋದಿಲ್ಲ. ನಳಿಗೆ ಸೀಳಿ ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ. ಸ್ಮೋಕ್‌ಲೆಸ್ ಮದ್ದಿನ ಒತ್ತಡವೇ ಬೇರೆ ಲೆಕ್ಕ. ಕರಿಮದ್ದಿಗೆಂದು ಮಾಡಿದ ನಳಿಗೆ ಅದನ್ನು ತಡೆಯೋದಿಲ್ಲ. ಸ್ಯಾವೇಜ್ 10ಎಂಎಲ್ ಥರ ಅದಕ್ಕೆಂದೇ ಕಟ್ಟಿದ ಕೆಲವು ಕೋವಿಗಳು ಇವೆ, ಅವು ಬೇರೆ. ನಿಮ್ಮ ನಳಿಗೆ ಮೇಲೆ ಕರಿಮದ್ದು ಅಥವಾ ಪೈರೋಡೆಕ್ಸ್ ಮಾತ್ರ ಅಂತ ಕೆತ್ತಿದ್ದರೆ ಅದೇ ಕೊನೆ ಮಾತು. ಮಾವನ ಡಬ್ಬ ಮಾವನ ಹತ್ತಿರವೇ ಇರಲಿ.

ಲ್ಯಾಬ್ ಕೋಟು
ಇಲ್ಲಿ ಒಂದು ಸೂಕ್ಷ್ಮ ಇದೆ. ಬ್ಲ್ಯಾಕ್‌ಹಾರ್ನ್‌ನಲ್ಲಿ ನೈಟ್ರೋಸೆಲ್ಯುಲೋಸ್ ಇದೆ. ಆ ಮಟ್ಟಿಗೆ ಅದು ಸ್ಮೋಕ್‌ಲೆಸ್ ಕಡೆಯ ನೆಂಟ. ಅದಕ್ಕೇ ತೇವ ಹೀರೋದಿಲ್ಲ, ಅದಕ್ಕೇ ಕಿಟ್ಟ ಕಡಿಮೆ, ಅದಕ್ಕೇ ಬೆಂಕಿ ಹತ್ತೋಕೆ ಜೋರು ಪ್ರೈಮರ್ ಬೇಕು. ಆದರೆ ಮಜಲ್‌ಲೋಡರ್ ಒತ್ತಡದೊಳಗೆ ಇರುವ ಹಾಗೆ ಮಾಡಿದ್ದಾರೆ, ಅಷ್ಟೇ. ಅದರ ಮಸಿ ನೀರಿಗೆ ಹೋಗೋದಿಲ್ಲ, ಸಾಮಾನ್ಯ ರೈಫಲ್‌ಗೆ ಬಳಸುವ ಸಾಲ್ವೆಂಟ್ ಬೇಕು.

ಪೈರೋಡೆಕ್ಸ್ ಬೇರೆ. ಅದು ಕರಿಮದ್ದಿನ ಅಣ್ಣತಮ್ಮ. ಪೆಟ್ಲುಪ್ಪು, ಇದ್ದಿಲು, ಗಂಧಕ ಎಲ್ಲ ಇವೆ, ಜತೆಗೆ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಮತ್ತೆ ಬೇರೆ ಕೆಲವು. ಪರ್‌ಕ್ಲೋರೇಟ್ ಉರಿದ ಮೇಲೆ ಉಳಿಯೋದು ಪೊಟ್ಯಾಸಿಯಂ ಕ್ಲೋರೈಡ್. ಅಂದರೆ ಒಂದು ಬಗೆಯ ಉಪ್ಪು. ಅದು ಗಾಳಿಯ ತೇವ ಎಳೆದುಕೊಂಡು ಉಕ್ಕಿನ ಮೇಲೆ ಕೂತರೆ ತುಕ್ಕು ಗ್ಯಾರಂಟಿ. ಹಾಗಾಗಿ ಪೈರೋಡೆಕ್ಸ್ ಹೊಡೆದ ದಿನವೇ ತೊಳೀಬೇಕು. ನಾಳೆ ನೋಡಿಕೊಳ್ಳೋಣ ಅನ್ನೋ ಹಾಗಿಲ್ಲ. ಟ್ರಿಪಲ್ ಸೆವೆನ್‌ನಲ್ಲಿ ಗಂಧಕ ಇಲ್ಲ ಅಂದ ಮಾತ್ರಕ್ಕೆ ತುಕ್ಕು ಹಿಡಿಯೋದಿಲ್ಲ ಅಂತ ತಿಳೀಬೇಡಿ, ಅದನ್ನೂ ಅವತ್ತೇ ತೊಳೀಬೇಕು.

ಸೊಪ್ಪು ಸಾರು
ಎಲ್ಲರೂ ಇಷ್ಟು ಆಸೆಯಿಂದ ಮದ್ದಿನ ಮಾತಾಡುತ್ತಿದ್ದೀರಿ. ಆ ಜಿಂಕೆಯನ್ನು ಕೊಲ್ಲೋದು ಯಾಕೆ ಅಂತ ಯಾರಾದರೂ ಕೇಳಿಕೊಂಡಿದ್ದೀರಾ? ನಮ್ಮೂರಲ್ಲಿ 1972ರ ಕಾಯ್ದೆ ಬಂದಮೇಲೆ ಬೇಟೆ ಬಿಟ್ಟೆವು. ಇಲ್ಲಿಗೆ ಬಂದು ಮತ್ತೆ ಶುರುವಾ?

ಓಹಾಯೊ ತೋಟಗಾರ
ನಿಮ್ಮ ಮನಸ್ಸು ಅರ್ಥವಾಗುತ್ತದೆ ಸಾರ್. ಆದರೆ ಇಲ್ಲಿಯ ಕಥೆ ಬೇರೆ. ಇಲ್ಲಿ ತೋಳ, ಪ್ಯೂಮಾ (ಇಲ್ಲಿಯ ದೊಡ್ಡ ಕಾಡುಬೆಕ್ಕು) ಹೋಗಿ ಯಾವ ಕಾಲವಾಯಿತು. ಬಿಳಿಬಾಲದ ಜಿಂಕೆ ತಡೆಯಿಲ್ಲದೆ ಬೆಳೆದಿದೆ. ನನ್ನ ಸೇಬಿನ ಸಸಿಗಳ ಚಿಗುರು ಒಂದು ರಾತ್ರಿಗೆ ಮುಗಿಸುತ್ತವೆ. ಹೆದ್ದಾರಿಯಲ್ಲಿ ಕಾರಿಗೆ ಅಡ್ಡ ಬರುತ್ತವೆ. ಲೈಸೆನ್ಸಿನ ದುಡ್ಡು ಕಾಡಿಗೇ ಹೋಗುತ್ತದೆ. ಕೋವಿ, ತೋಟಾ ಮೇಲಿನ 11% ತೆರಿಗೆಯೂ 1937ರ ಕಾಯ್ದೆ ಪ್ರಕಾರ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ.

ಪಿಟ್ಸ್‌ಬರ್ಗ್ ಕನ್ನಡಿಗ
ಸೊಪ್ಪು ಸಾರು ಅವರೇ, ಕೇಳಿದ್ದು ಒಳ್ಳೆಯದಾಯಿತು. ನಾನು ಮಾಂಸ ತಿನ್ನೋನು. ಪ್ಲಾಸ್ಟಿಕ್ ತಟ್ಟೆಯಲ್ಲಿ ಬಂದಿದ್ದನ್ನು ತಿನ್ನೋದಕ್ಕಿಂತ ನಾನೇ ಹೊಡೆದು, ನಾನೇ ಸುಲಿದು ತಿನ್ನೋದು ಸರಿ ಅಂತ ನನ್ನ ನಂಬಿಕೆ. ಹೆಚ್ಚಾದರೆ ಇಲ್ಲಿ ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್ ಅಂತ ಇದೆ, ಅವರ ಮೂಲಕ ಹಸಿದವರಿಗೆ ಹೋಗುತ್ತದೆ. ಒಂದೇ ಗುಂಡಿಗೆ ಬೀಳಲಿ, ನರಳಬಾರದು ಅನ್ನೋದಕ್ಕೇ ಈ ಮದ್ದಿನ ವಿಚಾರ ಇಷ್ಟು ಕೆದಕುತ್ತಿರೋದು.

ಸೊಪ್ಪು ಸಾರು
ನಾನು ಒಪ್ಪೋದಿಲ್ಲ. ಆದರೆ ನೀವು ಯೋಚನೆ ಮಾಡಿ ಹೇಳಿದ್ದೀರಿ. ನಾನು ಈ ಮಾತು ಇಲ್ಲಿಗೆ ಬಿಡುತ್ತೇನೆ.

ಕೊಡಗಿನ ಕೋವಿ
ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಈಗಲೂ ಒಂದು ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, 2029ರವರೆಗೆ ಅಂತ ಕೇಂದ್ರ ಸರ್ಕಾರ ಮುಂದುವರಿಸಿದೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್, ಅಂದರೆ ಆಯುಧ ಹಬ್ಬದ ದಿನ ಅದನ್ನು ಇಳಿಸಿ, ಒರೆಸಿ, ತೋಕ್‌ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುಂಡು.

ಅಜ್ಜ ಮದ್ದು ಸುರಿದು, ಮೇಲೆ ತೆಂಗಿನ ನಾರು ಉಂಡೆ ಮಾಡಿ ಗಜದಲ್ಲಿ ಗಿಡಿಯುತ್ತಿದ್ದರು. ಗಜ ಮೇಲಕ್ಕೆ ಪುಟಿದರೆ ಗಟ್ಟಿಯಾಗಿ ಕೂತಿದೆ ಅಂತ ಲೆಕ್ಕ. ಹೊಡೆದಾದ ಮೇಲೆ ಹಂಡೆಯಿಂದ ಕುದಿಯೋ ನೀರು ತಂದು ನಳಿಗೆಗೆ ಸುರಿಯೋದು. ಕಪ್ಪು ನೀರು ಬೆಳ್ಳಗಾಗುವವರೆಗೆ. ನಳಿಗೆಯೇ ಕೈ ಸುಡೋ ಹಾಗೆ ಕಾದಿರುತ್ತಿತ್ತು. ಆ ಕಾವಿಗೇ ಒಳಗಿನ ತೇವ ಆರಿ ಹೋಗುತ್ತಿತ್ತು. ಆಮೇಲೆ ಎಣ್ಣೆ ಬಟ್ಟೆ. ಇವತ್ತಿಗೂ ಕರಿಮದ್ದಿಗೆ ಅದಕ್ಕಿಂತ ಒಳ್ಳೆ ಔಷಧಿ ನಾನು ಕಂಡಿಲ್ಲ.

ಮಲ್ನಾಡ್ ಮಾಣಿ
ಕೊಡಗಿನವರು ಮಾತ್ರ ಅಲ್ಲ. ನಮ್ಮ ಹೊಸನಗರ ಕಡೆಯೂ ತೋಟ ಕಾಯೋಕೆ ಲೈಸೆನ್ಸ್ ಪಡೆದ ಕೇಪಿನ ಕೋವಿಗಳು ಮನೆ ಮನೆಯಲ್ಲಿ ಇದ್ದವು. ಚುನಾವಣೆ ಬಂತು ಅಂದರೆ ಎಲ್ಲ ಠಾಣೆಗೆ ಹೋಗಿ ಇಡಬೇಕು. ಮಂಗ ಓಡಿಸೋಕೆ ಬರೀ ಮದ್ದು ತುಂಬಿ ಹಾರಿಸೋದು.

ಮದ್ದಿನ ಮಾತು ಬಂತು ಅಂತ ಹೇಳುತ್ತೇನೆ. 2018ರಲ್ಲಿ ನಮ್ಮ ಹೊಸನಗರ ತಾಲೂಕಿನ ನಗರ ಅನ್ನೋ ಊರಿನ ಹಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು, ಟಿಪ್ಪು ಕಾಲದವು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ.

ಲ್ಯಾಬ್ ಕೋಟು
ಇಲ್ಲೂ ಅಂಥದೊಂದು ಜಾಗ ಇದೆ. ಡೆಲವೇರಿನ ವಿಲ್ಮಿಂಗ್ಟನ್ ಹತ್ತಿರ ಹ್ಯಾಗ್ಲಿ ಮ್ಯೂಸಿಯಂ. 1802ರಲ್ಲಿ ಡ್ಯುಪಾಂಟ್ ಕುಟುಂಬ ಬ್ರ್ಯಾಂಡಿವೈನ್ ಹೊಳೆ ದಂಡೆಯಲ್ಲಿ ಮದ್ದಿನ ಕಾರ್ಖಾನೆ ಶುರು ಮಾಡಿದ ಜಾಗ. ಮದ್ದು ಅರೆಯುವ ಕಟ್ಟಡಗಳಿಗೆ ಮೂರು ಕಡೆ ದಪ್ಪ ಕಲ್ಲಿನ ಗೋಡೆ. ಹೊಳೆ ಕಡೆ ಮಾತ್ರ ಹಗುರ ಗೋಡೆ, ಹಗುರ ಸೂರು. ಸಿಡಿದರೆ ಹೊಳೆ ಕಡೆಗೆ ಸಿಡಿಯಲಿ, ಪಕ್ಕದ ಕಟ್ಟಡ ಉಳಿಯಲಿ ಅಂತ. ಅಲ್ಲಿ ಅರೆಯುತ್ತಿದ್ದ ಪೆಟ್ಲುಪ್ಪು ನಮ್ಮ ದೇಶದಿಂದಲೇ ಬರುತ್ತಿತ್ತು. ಅಂತರ್ಯುದ್ಧ ಶುರುವಾದಾಗ 1861ರಲ್ಲಿ ಲ್ಯಾಮಟ್ ಡ್ಯುಪಾಂಟ್ ಇಂಗ್ಲೆಂಡಿಗೆ ಹೋಗಿ ಅಲ್ಲಿದ್ದ ಭಾರತದ ಪೆಟ್ಲುಪ್ಪನ್ನು ಹಡಗುಗಟ್ಟಲೆ ಖರೀದಿಸಿದರು. ಪಿಟ್ಸ್‌ಬರ್ಗಿನಿಂದ ಒಂದು ದಿನದ ಪ್ರಯಾಣ, ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಬೆಂಗ್ಳೂರ್ ಬಾಯ್
ಪೆಟ್ಲುಪ್ಪು, ಗಂಧಕ, ಇದ್ದಿಲು ಅಷ್ಟೇ ಅಲ್ವಾ? ಹಾಗಾದರೆ ಮನೆಯಲ್ಲೇ ಮಾಡಿಕೊಂಡರೆ ಅಂಗಡಿ ಅಲೆಯೋದು ತಪ್ಪುತ್ತದೆ.

ಹಳೇ ಮದ್ದು
ಬೇಡ ತಮ್ಮಾ. ಪೈರೋಡೆಕ್ಸ್ ಕಂಡುಹಿಡಿದ ಡ್ಯಾನ್ ಪಾವ್ಲಕ್ ಅವರೇ 1977ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಇಸಾಕ್ವಾದಲ್ಲಿ ತಮ್ಮ ಕಾರ್ಖಾನೆ ಸಿಡಿದು ತೀರಿಕೊಂಡರು. ಮದ್ದು ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಎಷ್ಟು ಜನ ಇದ್ದರು? ಅಡುಗೆಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು.

ಅಂಗಡಿಯಲ್ಲಿ ಕರಿಮದ್ದು ಸಿಗದೇ ಇರೋದಕ್ಕೂ ಇದೇ ಕಾರಣ. ಕಾನೂನಿನಲ್ಲಿ ಅದು ಸ್ಫೋಟಕ. ಮಾರೋಕೆ ಬೇರೆ ಲೈಸೆನ್ಸ್, ಇಡೋಕೆ ಬೇರೆ ಕೋಣೆ. ಬದಲಿ ಮದ್ದುಗಳಿಗೆ ಅಷ್ಟು ಬಿಗಿ ಇಲ್ಲ. ಸಾಲದ್ದಕ್ಕೆ 2021ರಲ್ಲಿ ಲೂಸಿಯಾನಾದ ಗೋಯೆಕ್ಸ್ ಕಾರ್ಖಾನೆ ಮುಚ್ಚುತ್ತೇವೆ ಅಂತ ಹಾಜ್ಡನ್ ಕಂಪನಿ ಹೇಳಿತು. ಅಮೆರಿಕದ ಕರಿಮದ್ದಿಗೆ ಅದೇ ಆಸರೆಯಾಗಿತ್ತು. 2022ರಲ್ಲಿ ಎಸ್ಟೆಸ್ ಎನರ್ಜೆಟಿಕ್ಸ್ ಅದನ್ನು ಕೊಂಡಿತು. ಆಟಿಕೆ ರಾಕೆಟ್ ಮಾಡುವ ಎಸ್ಟೆಸ್ ಇದೆಯಲ್ಲ, ಆ ಬಳಗದ್ದೇ. ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು, ಅಪಾಯದ ಸರಕು ಅಂತ ಸಾಗಣೆಗೆ ಜಾಸ್ತಿ ಕೊಡಬೇಕು. ನಾಲ್ಕು ಜನ ಸೇರಿ ತರಿಸಿದರೆ ಗಿಟ್ಟುತ್ತದೆ.

ಪಿಟ್ಸ್‌ಬರ್ಗ್ ಕನ್ನಡಿಗ
ಬಹಳ ವಿಷಯ ಗೊತ್ತಾಯಿತು. ಪೆಲೆಟ್ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಪೆಲೆಟ್ ಹಾಕು, ಗುಂಡು ಒತ್ತು, ಮುಗೀತು ಅಂತಾರೆ. ಅಳೆಯೋ ಗೋಜಿಲ್ಲ ಅಲ್ವಾ?

ಓಹಾಯೊ ತೋಟಗಾರ
ಚಳಿಯಲ್ಲಿ ಕೈಗವಸು ಹಾಕಿಕೊಂಡಾಗ ಪೆಲೆಟ್ ಸುಲಭ, ಸುಳ್ಳಲ್ಲ. ಆದರೆ 50 ಗ್ರೇನಿನದು ಎರಡು ಅಂದರೆ 100, ಇಲ್ಲ ಅಂದರೆ 50. ನಡುವೆ ಏನೂ ಇಲ್ಲ. ಒಂದೊಂದು ಕೋವಿಗೆ ಒಂದೊಂದು ಅಳತೆ ಹಿಡಿಸುತ್ತದೆ. 80 ಗ್ರೇನಿಗೆ ಗುಂಡುಗಳು ಒಂದೇ ಕಡೆ ಬಿದ್ದು, 100ಕ್ಕೆ ಚೆದುರುವ ನಳಿಗೆಗಳಿವೆ. ಪುಡಿ ಆದರೆ ಐದೈದು ಗ್ರೇನ್ ಏರಿಸಿ ಇಳಿಸಿ ನೋಡಬಹುದು.

ಪೈರೋಡೆಕ್ಸ್ ಪೆಲೆಟ್ಟಿಗೆ ತಲೆಕೆಳಗು ಇದೆ. ಒಂದು ತುದಿ ಕಪ್ಪಗಿರುತ್ತದೆ, ಅಲ್ಲಿ ಅಸಲಿ ಕರಿಮದ್ದು ಬಳಿದಿರುತ್ತಾರೆ. ಆ ತುದಿ ಪ್ರೈಮರ್ ಕಡೆಗೆ ಇರಬೇಕು. ಅಂಗಡಿಯವರು ಇದನ್ನು ಹೇಳೋದೇ ಇಲ್ಲ.

ರಾಕಿ ಬೆಟ್ಟ
ಯಾರಾದರೂ ನಮ್ಮ ಕೊಲರಾಡೋಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಬರೋರಿದ್ದರೆ ಕೇಳಿಸಿಕೊಳ್ಳಿ. ಇಲ್ಲಿಯ ಮಜಲ್‌ಲೋಡರ್ ಸೀಸನ್‌ನಲ್ಲಿ ಪೆಲೆಟ್ ನಿಷಿದ್ಧ. ಪುಡಿ ಮದ್ದು ಮಾತ್ರ. ಗುಂಡಿನ ಸುತ್ತ ಪ್ಲಾಸ್ಟಿಕ್ ಬಟ್ಟಲು ಇರುತ್ತದಲ್ಲ, ಸ್ಯಾಬೋ, ಅದೂ ಇಲ್ಲ. ಕೋವಿ ಮೇಲೆ ದುರ್ಬೀನು ಇಲ್ಲ. ವಿಮಾನದಲ್ಲಿ ಮದ್ದು, ಕೇಪು, ಪ್ರೈಮರ್ ತರೋಹಾಗಿಲ್ಲ, ಲಗೇಜಲ್ಲೂ ಇಲ್ಲ. ಇಲ್ಲಿಗೆ ಬಂದೇ ಕೊಳ್ಳಬೇಕು. ಹಾಗಾಗಿ ಎಲ್ಲ ಊರಲ್ಲೂ ಸುಲಭವಾಗಿ ಸಿಗುವ ಮದ್ದಿಗೇ ನಿಮ್ಮ ಕೋವಿ ಹೊಂದಿಸಿಟ್ಟುಕೊಳ್ಳಿ. ಊರಲ್ಲಿ ಒಂದಕ್ಕೆ ಗುರಿ ಹೊಂದಿಸಿ, ಇಲ್ಲಿ ಇನ್ನೊಂದು ಕೊಂಡು ಹೊಡೆದರೆ ಗುಂಡು ಬೇರೆ ಕಡೆ ಬೀಳುತ್ತದೆ.

ಹಳೇ ಮದ್ದು
ನಮ್ಮ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಆದಮೇಲೆ ಬರುವ ಸೀಸನ್‌ಗೆ ಕಲ್ಲಿನ ಕೋವಿಯೇ ಬೇಕು, 1974ರಿಂದ ನಡೆದುಕೊಂಡು ಬಂದಿದೆ. ನಿಮ್ಮ ಇನ್‌ಲೈನ್ ಅಕ್ಟೋಬರ್‌ಗೆ ಸರಿ, ಆ ಸೀಸನ್‌ಗೆ ನಡೆಯೋದಿಲ್ಲ.

ಮಲ್ನಾಡ್ ಮಾಣಿ
ನಾನು ಎಚ್-1ಬಿ ವೀಸಾದಲ್ಲಿ ಇದ್ದೇನೆ. ನಮ್ಮಂಥವರು ಕೋವಿ ಮುಟ್ಟಬಹುದಾ?

ಮಿಶಿಗನ್ ಅಕ್ಕ
ಫೆಡರಲ್ ಕಾನೂನಿನಲ್ಲಿ ಎಚ್-1ಬಿಯಂಥ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ. ಆದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಮುಗಿದ ದಿನ ವಿನಾಯಿತಿಯೂ ಮುಗಿಯಿತು. ಮಜಲ್‌ಲೋಡರ್ ಬಂದೂಕೇ ಅಲ್ಲ ಅಂತ ಕೆಲವರು ಹೇಳುತ್ತಾರೆ, ಎಲ್ಲ ಮಾದರಿಗೂ ಆ ಮಾತು ಅನ್ವಯಿಸೋದಿಲ್ಲ. ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದರೆ ನಿಮ್ಮ ಲಾಯರನ್ನು ಒಂದು ಮಾತು ಕೇಳಿಬಿಡಿ. ಇದರಲ್ಲಿ ಎಡವಿದರೆ ದೇಶವೇ ಬಿಡಬೇಕಾಗುತ್ತದೆ. ಬೇಟೆಗಿಂತ ಅದು ದೊಡ್ಡದು.

ಮಲ್ನಾಡ್ ಮಾಣಿ
ಥ್ಯಾಂಕ್ಸ್ ಅಕ್ಕ. ಮೊದಲು ಹಂಟರ್ ಎಜುಕೇಶನ್ ಕ್ಲಾಸ್‌ಗೆ ಹೆಸರು ಬರೆಸುತ್ತೇನೆ.

ಬೆಂಗ್ಳೂರ್ ಬಾಯ್
100 ಗ್ರೇನ್ ಅಂದರೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಾಕಿದರೆ ಪಕ್ಕಾ ಅಲ್ವಾ?

ಲ್ಯಾಬ್ ಕೋಟು
ಅಲ್ಲ! ಮದ್ದಿನ ಪೆಟ್ಟಿಗೆ ಮೇಲಿನ ಗ್ರೇನ್ ಅಂದರೆ ಅಳತೆ, ತೂಕ ಅಲ್ಲ. ಕರಿಮದ್ದು ಅಷ್ಟು ತೂಗಿದರೆ ಎಷ್ಟು ಜಾಗ ಹಿಡಿಯುತ್ತದೋ ಅಷ್ಟು ಜಾಗ. ಬದಲಿ ಮದ್ದುಗಳು ಹಗುರ. ಬ್ಲ್ಯಾಕ್‌ಹಾರ್ನ್ ಅಳತೆಯಲ್ಲಿ 100 ಅಂದರೆ ತೂಕದಲ್ಲಿ ಬರೀ 70. ತೂಗಿ 100 ಹಾಕಿದರೆ ಅಳತೆಯಲ್ಲಿ 140ರ ಮೇಲೆ ಹೋಗುತ್ತದೆ. ಅದರ ಮಿತಿಯೇ 120. ಹಿತ್ತಾಳೆ ಅಳತೆ ಕೊಳವೆ ಬಳಸಿ, ತುಂಬಿಸಿ ಮಟ್ಟ ಮಾಡಿ, ಅಷ್ಟು ಸಾಕು.

ದುಡ್ಡಿನ ಲೆಕ್ಕವೂ ಇದರಲ್ಲೇ ಸಿಗುತ್ತದೆ. ಬ್ಲ್ಯಾಕ್‌ಹಾರ್ನ್ 10 ಔನ್ಸ್ ಡಬ್ಬದಲ್ಲಿ 4375 ಗ್ರೇನ್ ತೂಕ. 70ರಂತೆ ಭಾಗಿಸಿದರೆ 62 ಗುಂಡು. ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಒಂದು ಪೌಂಡ್ ಡಬ್ಬ. ಬೆಲೆ ಹೋಲಿಸುವಾಗ ಡಬ್ಬಕ್ಕೆ ಡಬ್ಬ ಹೋಲಿಸಬೇಡಿ, ಗುಂಡಿಗೆ ಗುಂಡು ಹೋಲಿಸಿ.

ಓಹಾಯೊ ತೋಟಗಾರ
ದುಬಾರಿ ಅಂತ ಒಪ್ಪಿಕೊಳ್ಳುತ್ತೇನೆ. ಆದರೂ ವರ್ಷಕ್ಕೆ ಒಂದೆರಡು ಜಿಂಕೆಗೆ ಆ ದುಡ್ಡು ದೊಡ್ಡದಲ್ಲ.

ಮಿಶಿಗನ್ ಅಕ್ಕ
ಬೇಟೆಗೆ ಒಂದೆರಡು ಗುಂಡು ಸರಿ. ಅಭ್ಯಾಸಕ್ಕೆ? ಹೊಸಬರು ಬೇಸಿಗೆ ಪೂರ್ತಿ ರೇಂಜಿನಲ್ಲಿ ಹೊಡೀಬೇಕು. ದುಬಾರಿ ಮದ್ದು ಅಂತ ಕೈ ಬಿಗಿ ಹಿಡಿದು ಅಭ್ಯಾಸ ಕಡಿಮೆ ಮಾಡಿದರೆ ನಷ್ಟ ಜಿಂಕೆಗೆ. 80 ಯಾರ್ಡಿಗೆ ಯಾವ ಮದ್ದಾದರೂ ಸಾಕಷ್ಟು ಜೋರಿದೆ. ಗುಂಡು ಎಲ್ಲಿ ಬೀಳುತ್ತದೆ ಅನ್ನೋದು ಮುಖ್ಯ.

ಪಿಟ್ಸ್‌ಬರ್ಗ್ ಕನ್ನಡಿಗ
ನನಗೆ ಅಕ್ಕನ ಮಾತು ಹಿಡಿಸಿತು. ಟ್ರಿಪಲ್ ಸೆವೆನ್ ಪುಡಿ, ಎರಡು ಎಫ್, 70 ಗ್ರೇನಿನಿಂದ ಶುರು ಮಾಡಿ 85ರವರೆಗೆ ನೋಡುತ್ತೇನೆ. ಮೆತ್ತಗಿನ ಪ್ರೈಮರ್. ಪ್ರತಿ ಗುಂಡಿನ ನಡುವೆ ಒಂದು ಸಲ ಒರೆಸೋದು. ತೋಟಗಾರರು ಬೇಜಾರು ಮಾಡಿಕೊಳ್ಳಬಾರದು.

ಓಹಾಯೊ ತೋಟಗಾರ
ಬೇಜಾರೇನಿಲ್ಲ ಗುರು. ಗಜದ ಕೋಲಿನ ಮೇಲೆ ಎರಡು ಗೆರೆ ಹಾಕಿಕೊಳ್ಳಿ. ಖಾಲಿ ನಳಿಗೆಗೆ ಒಂದು, ಮದ್ದು ಗುಂಡು ತುಂಬಿದಾಗ ಒಂದು. ಮಾತಾಡ್ತಾ ಮಾತಾಡ್ತಾ ಎರಡು ಸಲ ಮದ್ದು ಸುರಿಯೋರು ಇದ್ದಾರೆ. ಗೆರೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಕೊಡಗಿನ ಕೋವಿ
ತುಂಬೋ ಮೊದಲು ನಳಿಗೆಯ ಎಣ್ಣೆ ಪೂರ್ತಿ ಒರೆಸಿ. ಬರೀ ಪ್ರೈಮರ್ ಒಂದು ಹಾರಿಸಿ ಕಿಂಡಿ ಒಣಗಿಸಿ. ಒಳಗೆ ಎಣ್ಣೆ ಉಳಿದರೆ ಮದ್ದು ನೆನೆದು ಕೆಡುತ್ತದೆ. ಕುದುರೆ ಬಿದ್ದು ಹೊಡೆಯದೇ ಹೋದರೆ ಒಂದು ನಿಮಿಷ ನಳಿಗೆಯನ್ನು ಗುರಿ ಕಡೆಗೇ ಹಿಡಿದಿರಿ. ತಡವಾಗಿ ಹತ್ತುವುದುಂಟು.

ಪಿಟ್ಸ್‌ಬರ್ಗ್ ಕನ್ನಡಿಗ
ಕೊನೆಯದೊಂದು. ಸಂಜೆವರೆಗೂ ಜಿಂಕೆ ಬರಲಿಲ್ಲ ಅಂದುಕೊಳ್ಳಿ. ತುಂಬಿದ ಮದ್ದನ್ನು ಏನು ಮಾಡೋದು? ಮರುದಿನಕ್ಕೆ ಹಾಗೇ ಇಡಬಹುದಾ?

ಹಳೇ ಮದ್ದು
ಮರುದಿನ ಬೆಳಗ್ಗೆಯೇ ಹೋಗೋದಾದರೆ ಪ್ರೈಮರ್ ತೆಗೆದು ಇಡಬಹುದು. ಪ್ರೈಮರ್ ತೆಗೆದರೆ ಖಾಲಿ ಕೋವಿ ಅಂತಲೇ ಬಹಳ ರಾಜ್ಯಗಳಲ್ಲಿ ಲೆಕ್ಕ. ಆದರೂ ನಿಮ್ಮ ರಾಜ್ಯದ ಕೈಪಿಡಿ ನೋಡಿ. ತಣ್ಣಗಿನ ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತರಬೇಡಿ. ನಳಿಗೆಯೊಳಗೆ ಹನಿ ಕಟ್ಟಿ ಮದ್ದು ಒದ್ದೆಯಾಗುತ್ತದೆ, ಬೆಳಗ್ಗೆ ಬರೀ ಟಿಕ್ ಅನ್ನುತ್ತದೆ. ಬೀಗ ಇರುವ, ಬಿಸಿ ಇಲ್ಲದ ಗ್ಯಾರೇಜಿನಲ್ಲಿ ಇಡಿ, ಮಕ್ಕಳ ಕೈಗೆ ಸಿಗಬಾರದು. ಮರುದಿನ ಹೋಗೋದಿಲ್ಲ ಅಂದರೆ ಸುಮ್ನೆ ಇಡಬೇಡಿ. ಬ್ರೀಚ್ ಪ್ಲಗ್ ಬಿಚ್ಚಿ ಹಿಂದಿನಿಂದ ಮದ್ದು, ಗುಂಡು ಎರಡೂ ತಳ್ಳಿ ತೆಗೆದು ತೊಳೆದಿಡಿ. ಪ್ಲಗ್ಗಿನ ತಿರುಪಿನ ಮರೆಗೆ (ಥ್ರೆಡ್) ಆಂಟಿ-ಸೀಜ್ ಗ್ರೀಸ್ ಹಚ್ಚಿಯೇ ತಿರುಗಿಸಿ, ಇಲ್ಲದಿದ್ದರೆ ಸೀಸನ್ ಮುಗಿಯೋ ಹೊತ್ತಿಗೆ ಅದು ಬಿಚ್ಚೋಕೇ ಬರೋದಿಲ್ಲ.